ಮನೆಯ ಗುಟ್ಟು ಕಾಪಾಡುವ ಬುದ್ಧಿಗೆ ಎಷ್ಟು ಅಂಕ?

ಸಿರುಗುಪ್ಪ ತಾಲ್ಲೂಕಿನ ಕರೂರಿನಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹತ್ತು ವರ್ಷದ ಮಗನನ್ನು ಕರೆತಂದ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಮಗ ಓದಿನಲ್ಲಿ ಹಿಂದೆ ಬಿದ್ದಿದ್ದಾನೆ. ಅಂಗವೈಕಲ್ಯದ ಪ್ರಮಾಣಪತ್ರ ಸಿಕ್ಕರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು ಎಂದು ಯಾರೋ ಹೇಳಿದ್ದಾರೆ. ಮೇಜಿನ ಆಚೆ ಕುಳಿತ ಮನಶ್ಶಾಸ್ತ್ರಜ್ಞರು ಹುಡುಗನನ್ನು ಬಿಟ್ಟು ತಾಯಿಯನ್ನೇ ಕೇಳತೊಡಗುತ್ತಾರೆ. ಹುಡುಗ ತಾನೇ ಸ್ನಾನ ಮಾಡುತ್ತಾನೆಯೆ? ತಲೆ ಬಾಚಿಕೊಳ್ಳುತ್ತಾನೆಯೆ? ಅಂಗಡಿಗೆ ಹೋಗಿ ಸಣ್ಣಪುಟ್ಟ ಸಾಮಾನು ತರುತ್ತಾನೆಯೆ? ಮನೆಯ ಗುಟ್ಟು ಇದು, ಹೊರಗೆ ಹೇಳಬಾರದು ಎಂಬುದು ಅವನಿಗೆ ತಿಳಿಯುತ್ತದೆಯೆ?

ಕೊನೆಯ ಪ್ರಶ್ನೆಗೆ ತಾಯಿ ನಕ್ಕುಬಿಡಬಹುದು. ಆದರೆ ಅದು ತಮಾಷೆಗೆ ಕೇಳಿದ್ದಲ್ಲ. ಭಾರತದ ಮಕ್ಕಳಿಗಾಗಿ ಸಿದ್ಧವಾದ ಸಾಮಾಜಿಕ ಪ್ರೌಢತೆಯ ಮಾಪನದಲ್ಲಿ ಏಳೆಂಟು ವರ್ಷದ ಮಗುವಿನ ಸಾಲಿನಲ್ಲಿ ಆ ಪ್ರಶ್ನೆ ಇದೆ. ಅದಕ್ಕೆ ಒಂದು ಅಂಕವೂ ಇದೆ. ಅಂತಹ ಅಂಕಗಳನ್ನು ಕೂಡಿದಾಗ ಬರುವ ಮೊತ್ತ ಒಂದು ಕುಟುಂಬದ ಬದುಕಿನಲ್ಲಿ ಸಣ್ಣ ವಿಷಯವೇನಲ್ಲ.

ಲೆಕ್ಕ, ಓದು, ನೆನಪಿನ ಶಕ್ತಿಗಳನ್ನು ಅಳೆಯುವುದು ಹೇಗೋ ಸಾಧ್ಯವಾಯಿತು. ನಾಲ್ಕು ಜನರ ನಡುವೆ ಬಾಳುವ ಬುದ್ಧಿಯನ್ನು, ತನ್ನ ಮನಸ್ಸನ್ನೂ ಪರರ ಮನಸ್ಸನ್ನೂ ಅರಿಯುವ ಬುದ್ಧಿಯನ್ನು ಅಳೆಯುವುದು ಹೇಗೆ? ಅದನ್ನು ಒಂದೆರಡು ಹಾಳೆಯ ಪ್ರಶ್ನಾವಳಿಗೆ ಇಳಿಸುವುದು ಹೇಗೆ? ನೂರು ವರ್ಷಗಳಿಂದ ನಡೆದಿರುವ ಈ ಪ್ರಯತ್ನದಲ್ಲಿ ಧಾರವಾಡ, ಮೈಸೂರು, ಕೋಟ, ಬಳ್ಳಾರಿಗಳ ಹೆಸರೂ ಸೇರಿಕೊಂಡಿದೆ ಎಂಬುದು ಬಹಳ ಮಂದಿಗೆ ತಿಳಿಯದು.

ಅಪ್ಪನ ಕಲ್ಪನೆ, ಮಗನ ತೀರ್ಪು

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಒಂದು ಪತ್ರಿಕೆಗೆ ಬರೆದ ಲೇಖನದಲ್ಲಿ ಬುದ್ಧಿಯಲ್ಲಿ ಮೂರು ಬಗೆಗಳಿವೆ ಎಂದರು. ವಿಚಾರಗಳನ್ನು ಗ್ರಹಿಸುವುದು ಒಂದು, ಯಂತ್ರ ಮತ್ತು ವಸ್ತುಗಳನ್ನು ನಿಭಾಯಿಸುವುದು ಇನ್ನೊಂದು. ಮೂರನೆಯದು ಮನುಷ್ಯರೊಡನೆ ವ್ಯವಹರಿಸುವ ಸಾಮಾಜಿಕ ಬುದ್ಧಿ. ಅದಾದ ಕೆಲವೇ ವರ್ಷಗಳಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಈ ಮೂರನೆಯ ಬುದ್ಧಿಗೆ ಒಂದು ಲಿಖಿತ ಪರೀಕ್ಷೆ ಸಿದ್ಧವಾಯಿತು. ಮುಖ ನೋಡಿ ಮನಸ್ಸು ಹೇಳುವುದು, ಹೆಸರು ಮುಖಗಳನ್ನು ನೆನಪಿಡುವುದು, ಇಂತಹ ಸಂದರ್ಭದಲ್ಲಿ ಏನು ಮಾಡಬೇಕು ಎಂದು ಆರಿಸುವುದು, ಹಾಸ್ಯ ಗ್ರಹಿಸುವುದು ಮುಂತಾದ ಭಾಗಗಳು ಅದರಲ್ಲಿದ್ದವು.

1937ರಲ್ಲಿ ಈ ಪ್ರಯತ್ನಗಳನ್ನೆಲ್ಲ ಪರಾಮರ್ಶಿಸಿದ ಇಬ್ಬರಲ್ಲಿ ಒಬ್ಬರು ರಾಬರ್ಟ್ ಥಾರ್ನ್‌ಡೈಕ್. ಎಡ್ವರ್ಡ್ ಥಾರ್ನ್‌ಡೈಕರ ಮಗ! ಆ ಪರೀಕ್ಷೆ ಬಹುಮಟ್ಟಿಗೆ ಅಳೆಯುತ್ತಿರುವುದು ಭಾಷಾ ಸಾಮರ್ಥ್ಯವನ್ನೇ ಎಂಬ ಅಭಿಪ್ರಾಯಕ್ಕೆ ಅವರು ಬಂದರು. ಚೆನ್ನಾಗಿ ಓದಿ ಬರೆಯಬಲ್ಲವನಿಗೆ ಹೆಚ್ಚು ಅಂಕ ಬರುತ್ತಿತ್ತು. ಅವನು ಮನೆಯಲ್ಲಿ, ಸಂತೆಯಲ್ಲಿ ಜನರೊಡನೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಆ ಹಾಳೆಗೆ ಗೊತ್ತೇ ಆಗುತ್ತಿರಲಿಲ್ಲ. ಅಳತೆಗೋಲು ಅಳೆಯುತ್ತೇನೆ ಎಂದು ಹೇಳಿಕೊಂಡಿದ್ದನ್ನೇ ಅಳೆಯುತ್ತಿದೆಯೆ? ಮನಶ್ಶಾಸ್ತ್ರದಲ್ಲಿ ಇದಕ್ಕೆ ಸಿಂಧುತ್ವದ ಪ್ರಶ್ನೆ ಎನ್ನುತ್ತಾರೆ. ಮುಂದಿನ ಕಥೆಯೆಲ್ಲ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದು.

ಕನ್ನಡಕ್ಕೆ ಬಂದ ಬಿನೆ

ಕನ್ನಡ ನಾಡಿಗೆ ಮನೋಮಾಪನ ಬಂದದ್ದು ಬುದ್ಧ್ಯಂಕದ ದಾರಿಯಲ್ಲಿ. ಪ್ಯಾರಿಸ್ಸಿನ ಆಲ್‌ಫ್ರೆಡ್ ಬಿನೆ 1905ರಲ್ಲಿ ಸಿಮೋನ್ ಅವರೊಡನೆ ರಚಿಸಿದ ಪರೀಕ್ಷೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಟರ್ಮನ್ 1916ರಲ್ಲಿ ವಿಸ್ತರಿಸಿದರು. ಅದರಲ್ಲಿ ನಾಣ್ಯಗಳನ್ನು ಗುರುತಿಸುವ ಪ್ರಶ್ನೆಯಿತ್ತು, ಇಂಗ್ಲಿಷಿನ ಪ್ರಾಸಪದಗಳನ್ನು ಹುಡುಕುವ ಪ್ರಶ್ನೆಯಿತ್ತು. ಧಾರವಾಡ ಸೀಮೆಯ ಮಗುವಿನ ಮುಂದೆ ಅವುಗಳನ್ನು ಹಾಗೆಯೇ ಇಡುವಂತಿರಲಿಲ್ಲ. ಕನ್ನಡದ ಸಾಂಪ್ರದಾಯಿಕ ಪ್ರಾಸ ಸಾಲಿನ ತುದಿಯಲ್ಲಿರುವುದೂ ಇಲ್ಲ, ಸಾಲಿನ ಎರಡನೆಯ ಅಕ್ಷರದಲ್ಲಿರುತ್ತದೆ!

ಮುಂಬಯಿ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಈ ಪರೀಕ್ಷೆಯನ್ನು ಪರಿಷ್ಕರಿಸಿದವರು ವಿ.ವಿ. ಕಾಮತ್. ಅವರ ಲೇಖನ 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಅದು ಪುಸ್ತಕವಾಗಿ, 1967ರ ಹೊತ್ತಿಗೆ ನಾಲ್ಕನೆಯ ಮುದ್ರಣ ಕಂಡಿತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ದೇಶದ ಆಸ್ಪತ್ರೆಗಳಲ್ಲಿ ಅದು ಇಪ್ಪತ್ತೊಂದನೆಯ ಶತಮಾನದವರೆಗೂ ಬಳಕೆಯಲ್ಲಿ ಉಳಿಯಿತು. ಇದು ಹೆಮ್ಮೆಯ ಸಂಗತಿಯೂ ಹೌದು, ಕಸಿವಿಸಿಯ ಸಂಗತಿಯೂ ಹೌದು. 1930ರ ದಶಕದ ಮಕ್ಕಳಿಂದ ಪಡೆದ ಸರಾಸರಿಯ ಪಕ್ಕದಲ್ಲಿ ದೂರದರ್ಶನ ನೋಡಿ ಬೆಳೆದ ಮಕ್ಕಳನ್ನು ನಿಲ್ಲಿಸಿ ಅಳೆದದ್ದು ಎಷ್ಟು ಸರಿ ಎಂಬ ಟೀಕೆ ಬಾರದೆ ಇರಲಿಲ್ಲ.

ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರನ್ನು ಕನ್ನಡಿಗರು ಬಲ್ಲುದು 1935ರಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಬಾನುಲಿ ಕೇಂದ್ರ ತೆರೆದವರೆಂದು. ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅಭ್ಯಾಸ ಮಾಡಿ ಬಂದವರು. ಈ ಸ್ಪಿಯರ್‌ಮನ್ ಹೆಸರನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಸಾಂಟಾ ಕ್ಲಾಸ್ ಹೋದ ದಾರಿ

ಸಾಮಾಜಿಕ ಬುದ್ಧಿಯ ಅಳತೆಗೆ ಹೊಸ ದಾರಿ ತೋರಿದವರು ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನ ತರಬೇತಿ ಶಾಲೆಯಲ್ಲಿದ್ದ ಎಡ್ಗರ್ ಡಾಲ್. ಅವರು 1935ರಲ್ಲಿ ಹೊರತಂದ ಮಾಪನದಲ್ಲಿ ಮಗುವಿಗೆ ಪರೀಕ್ಷೆಯೇ ಇರಲಿಲ್ಲ. ಮಗುವನ್ನು ಚೆನ್ನಾಗಿ ಬಲ್ಲವರನ್ನು, ಸಾಮಾನ್ಯವಾಗಿ ತಾಯಿಯನ್ನು, ಕೇಳುವುದು. ಮಗು ಏನು ಮಾಡಬಲ್ಲುದು ಎಂದಲ್ಲ, ದಿನನಿತ್ಯ ಏನು ಮಾಡುತ್ತದೆ ಎಂದು ಕೇಳುವುದು. ಉಣ್ಣುವುದು, ಉಡುವುದು, ಓಡಾಡುವುದು, ಮಾತನಾಡುವುದು, ಕೆಲಸ ಮಾಡುವುದು, ತನ್ನ ನಿರ್ಧಾರ ತಾನು ತೆಗೆದುಕೊಳ್ಳುವುದು, ಇತರರೊಡನೆ ಬೆರೆಯುವುದು. ಉತ್ತರಗಳಿಂದ 'ಸಾಮಾಜಿಕ ವಯಸ್ಸು' ದೊರೆಯುತ್ತದೆ. ಅದನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸಾಮಾಜಿಕ ಅಂಕ.

ಓದು ಬರಹ ಬೇಕಿಲ್ಲ, ಉಪಕರಣ ಬೇಕಿಲ್ಲ, ಮಗು ಹೆದರಿ ಬಾಯಿ ಬಿಡದಿದ್ದರೂ ಚಿಂತೆಯಿಲ್ಲ. ಹಳ್ಳಿಗಳ ದೇಶಕ್ಕೆ ಹೇಳಿ ಮಾಡಿಸಿದಂತಿತ್ತು. ಒಂದೇ ತೊಡಕೆಂದರೆ, ಪ್ರಶ್ನೆಗಳು ವೈನ್‌ಲ್ಯಾಂಡಿನ ಮಕ್ಕಳ ಬದುಕಿನಿಂದ ಹುಟ್ಟಿದ್ದವು. ಊಟದ ಮೇಜಿನ ಚಾಕುವಿನಿಂದ ಬೆಣ್ಣೆ ಹಚ್ಚುತ್ತದೆಯೆ? ಮಂಜಿನ ಮೇಲೆ ಜಾರುವ ಬಂಡಿ ಓಡಿಸುತ್ತದೆಯೆ? ಏಳೆಂಟು ವರ್ಷದ ಸಾಲಿನಲ್ಲಿದ್ದ ಇನ್ನೊಂದು ಪ್ರಶ್ನೆ ಇನ್ನೂ ಸ್ವಾರಸ್ಯದ್ದು: ಸಾಂಟಾ ಕ್ಲಾಸ್ ನಿಜವಾಗಿ ಬರುತ್ತಾನೆ ಎಂಬುದನ್ನು ನಂಬುವುದು ಬಿಟ್ಟಿದೆಯೆ?

ಅಮೆರಿಕದ ಮಗುವಿನ ಮಟ್ಟಿಗೆ ಇದು ಜಾಣ ಪ್ರಶ್ನೆ. ಮನೆಯವರೆಲ್ಲ ಸೇರಿ ನಡೆಸುವ ಒಂದು ಪ್ರೀತಿಯ ಸುಳ್ಳನ್ನು ಮಗು ಯಾವಾಗ ಅರ್ಥ ಮಾಡಿಕೊಳ್ಳುತ್ತದೆ ಎಂಬುದು ನಿಜಕ್ಕೂ ಸಾಮಾಜಿಕ ಬುದ್ಧಿಯ ಗುರುತೇ. ಆದರೆ ಸಾಂಟಾ ಕ್ಲಾಸನ ಹೆಸರೇ ಕೇಳದ ಮಗು ಈ ಪ್ರಶ್ನೆಯಲ್ಲಿ ಪಾಸಾಯಿತೋ ಫೇಲಾಯಿತೋ?

ನಾಗಪುರದಲ್ಲಿ ಡಾ. ಎ.ಜೆ. ಮಾಲಿನ್ ಈ ಮಾಪನವನ್ನು ಭಾರತದ ಮಕ್ಕಳಿಗೆ ಹೊಂದಿಸಿದರು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕೆಲಸ ಮಾಡಿದ ಜೆ. ಭರತ್ ರಾಜ್ ಅದನ್ನು ಮುಂದಕ್ಕೆ ಬೆಳೆಸಿದರು. ಮೈಸೂರಿನಿಂದ 1992ರಲ್ಲಿ ಪ್ರಕಟವಾದ ಆ ರೂಪದಲ್ಲಿ ಹುಟ್ಟಿನಿಂದ 15 ವರ್ಷದವರೆಗೆ 89 ಪ್ರಶ್ನೆಗಳಿವೆ. ಸಾಂಟಾ ಕ್ಲಾಸ್ ಅದರಲ್ಲಿಲ್ಲ. ಅವನಿದ್ದ ವಯಸ್ಸಿನ ಸಾಲಿನಲ್ಲೇ ಮನೆಯ ಗುಟ್ಟು ತಿಳಿದು ಕಾಪಾಡುವ ಪ್ರಶ್ನೆ ಇದೆ. ಒಂದೇ ಮನೆಯಲ್ಲಿ ಅಜ್ಜ ಅಜ್ಜಿ, ಚಿಕ್ಕಪ್ಪ ಚಿಕ್ಕಮ್ಮ ಎಲ್ಲ ಇದ್ದು, ಬಾಗಿಲಿಗೆ ಬಂದ ನೆಂಟರ ಮುಂದೆ ಯಾವ ಮಾತು ಆಡಬಹುದು, ಯಾವುದು ಆಡಬಾರದು ಎಂದು ಕಣ್ಸನ್ನೆಯಲ್ಲೇ ಕಲಿಯುವ ಮಗುವಿಗೆ ಇದು ನಿಜವಾದ ಪ್ರಶ್ನೆ. ಅನುವಾದಕ್ಕೂ ಹೊಂದಾಣಿಕೆಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ.

ಇದೇ ಭರತ್ ರಾಜ್ ಮಗುವಿನ ಬೆಳವಣಿಗೆಯನ್ನು ತಾಯಿಯ ಮಾತಿನಿಂದಲೇ ಅಂದಾಜು ಮಾಡುವ 88 ಅಂಶಗಳ ಇನ್ನೊಂದು ಪರೀಕ್ಷೆಯನ್ನೂ ರಚಿಸಿದರು. ಎರಡೂ ಭಾರತದ ಆಸ್ಪತ್ರೆಗಳಲ್ಲಿ ಹರಡಿದವು.

ಕೋಟದಿಂದ ಬಳ್ಳಾರಿಗೆ

ದೊಡ್ಡವರ ಮನಸ್ಸಿನ ನೋವನ್ನು ಕೇಳಿ ತಿಳಿಯುವ ಕನ್ನಡದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಒಂದು ನಡೆದದ್ದು ಅರಬ್ಬೀ ಸಮುದ್ರದ ದಂಡೆಯ ಕೋಟದಲ್ಲಿ. ಮಣಿಪಾಲದಲ್ಲಿದ್ದ ಡಾ. ಆರ್.ಎಲ್. ಕಪೂರ್, ಡಾ. ಮಾಲವಿಕಾ ಕಪೂರ್ ಮತ್ತು ಬ್ರಿಟನ್ನಿನ ಜಿ.ಎಂ. ಕಾರ್ಸ್ಟೇರ್ಸ್ 1970ರ ದಶಕದ ಆರಂಭದಲ್ಲಿ ಅಲ್ಲಿನ ಬ್ರಾಹ್ಮಣ, ಬಂಟ ಮತ್ತು ಮೊಗವೀರ ಕುಟುಂಬಗಳ ನಡುವೆ ಕೆಲಸ ಮಾಡಿದರು. ಅದಕ್ಕಾಗಿ ಅವರು ರಚಿಸಿದ ಎರಡು ಸಂದರ್ಶನ ಪ್ರಶ್ನಾವಳಿಗಳ ವಿವರ 1974ರಲ್ಲಿ ಪ್ರಕಟವಾಯಿತು. 1976ರಲ್ಲಿ ಕೋಟದ ಬಗೆಗಿನ ಪುಸ್ತಕವೇ ಬಂದಿತು.

ಪಶ್ಚಿಮದ ಸಿದ್ಧ ಪ್ರಶ್ನಾವಳಿಗಳು ಇದ್ದೇ ಇದ್ದವು. ಅವು ಸಾಲದೆ ಹೋದದ್ದೇಕೆ ಎಂಬುದು ಕೋಟದವರ ನಡವಳಿಕೆಯಲ್ಲೇ ಇತ್ತು. ಮನಸ್ಸು ಕೆಟ್ಟಾಗ ಅವರು ವೈದ್ಯರ ಬಳಿ ಹೋಗುತ್ತಿದ್ದರು, ಮಂತ್ರವಾದಿಯ ಬಳಿ ಹೋಗುತ್ತಿದ್ದರು, ದೈವ ಮೈಮೇಲೆ ಬರುವ ಪಾತ್ರಿಯ ಬಳಿಯೂ ಹೋಗುತ್ತಿದ್ದರು. ಮೈಮೇಲೆ ಬರುವುದು ಅಲ್ಲಿ ಕಾಯಿಲೆಯ ಲಕ್ಷಣವೂ ಆಗಬಹುದು, ಊರಿನವರು ಗೌರವಿಸುವ ಕಸುಬೂ ಆಗಬಹುದು. ಎರಡನ್ನೂ ಒಂದೇ ಖಾನೆಗೆ ತುರುಕುವ ಪ್ರಶ್ನಾವಳಿ ಅರ್ಧ ಊರನ್ನು ರೋಗಿಗಳ ಪಟ್ಟಿಗೆ ಸೇರಿಸಿಬಿಡುತ್ತಿತ್ತು. ಇನ್ನೊಂದು ಮುಖ್ಯ ಕ್ರಮವೆಂದರೆ, ಮನೋವೈದ್ಯರಲ್ಲದವರೂ ಮೊದಲ ಹಂತದ ಪ್ರಶ್ನೆಗಳನ್ನು ಕೇಳುವಂತೆ ಅವುಗಳಲ್ಲಿ ಒಂದನ್ನು ಹಂತಹಂತವಾಗಿ ಕಟ್ಟಿದ್ದರು. ವ್ಯಕ್ತಿಯನ್ನಷ್ಟೇ ಅಲ್ಲದೆ ಮನೆಯವರನ್ನೂ ಕೇಳುವ ಏರ್ಪಾಡಿತ್ತು.

ಕೇಳಬೇಕಾದದ್ದನ್ನು ಕಡಿಮೆ ಮಾಡಿ, ಕೇಳುವವರನ್ನು ಹೆಚ್ಚು ಮಾಡುವ ಈ ವಿಚಾರ ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಮೂಲಕ ಹಳ್ಳಿಗಳಿಗೆ ಇಳಿಯಿತು. ಮೊದಲು ಬೆಂಗಳೂರಿನ ಬಳಿಯ ಸಕಲವಾರದಲ್ಲಿ, ಆಮೇಲೆ ಬಳ್ಳಾರಿಯಲ್ಲಿ. ಜನರ ನಡುವೆ ಮನೋರೋಗಿಗಳನ್ನು ಗುರುತಿಸುವ ಮೂರು ಬೇರೆ ಬೇರೆ ವಿಧಾನಗಳ ಖರ್ಚನ್ನೂ ಫಲವನ್ನೂ ತೂಗಿ ನೋಡಿದ ಮೋಹನ್ ಐಸಾಕ್ ಮತ್ತು ಕಪೂರ್ ಅವರ ಅಧ್ಯಯನ 1980ರಲ್ಲಿ ಬಂದಿತ್ತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಡಲಾಯಿತು. ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯ ಎಂದು ಆಗ ಕರೆಯುತ್ತಿದ್ದ ಬೌದ್ಧಿಕ ಅಂಗವೈಕಲ್ಯ ಮುಂತಾದವನ್ನು ಸರಳ ಪ್ರಶ್ನೆಗಳಿಂದ ಗುರುತಿಸುವುದನ್ನು ಅವರು ಕಲಿತರು. 'ಬಳ್ಳಾರಿ ಮಾದರಿ' ಎಂಬ ಹೆಸರು ಪಡೆದ ಈ ಪ್ರಯೋಗವೇ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಗಣಿಗೂ ಬಿಸಿಲಿಗೂ ಹೆಸರಾದ ಜಿಲ್ಲೆ ದೇಶಕ್ಕೆ ಕೊಟ್ಟದ್ದರಲ್ಲಿ ಇದನ್ನು ಯಾರೂ ಅಷ್ಟಾಗಿ ಎಣಿಸುವುದಿಲ್ಲ.

ಚಿಕ್ಕದು ಮಾಡುವ ಕಷ್ಟ

ಆರೋಗ್ಯ ಕಾರ್ಯಕರ್ತೆಯ ಕೈಯಲ್ಲಿ ನೂರೈವತ್ತು ಪ್ರಶ್ನೆಗಳ ಪುಸ್ತಕ ಕೊಟ್ಟರೆ ಒಂದು ಮನೆಯಲ್ಲೇ ಮಧ್ಯಾಹ್ನವಾಗುತ್ತದೆ. ನಾಟಿಯ ದಿನಗಳಲ್ಲಂತೂ ತುಂಗಭದ್ರಾ ಕಾಲುವೆಯ ಗದ್ದೆಗೆ ಹೊರಟವರು ನಿಂತು ಉತ್ತರ ಕೊಡಬೇಕೆಂದರೆ ಪ್ರಶ್ನೆ ಹತ್ತರ ಒಳಗಿರಬೇಕು. ಹಾಗಾದರೆ ಹತ್ತನ್ನೇ ಕೇಳೋಣ ಎಂದರೆ ಅಲ್ಲಿ ಸ್ಪಿಯರ್‌ಮನ್ ಅಡ್ಡ ಬರುತ್ತಾರೆ.

ಅವರೂ ವಿಲಿಯಂ ಬ್ರೌನ್ ಅವರೂ 1910ರಲ್ಲಿ ಬೇರೆಬೇರೆಯಾಗಿ ಪ್ರಕಟಿಸಿದ ಸೂತ್ರವೊಂದಿದೆ. ಪರೀಕ್ಷೆ ಚಿಕ್ಕದಾದಷ್ಟೂ ಅದರ ವಿಶ್ವಸನೀಯತೆ ಎಷ್ಟು ಕುಗ್ಗುತ್ತದೆ ಎಂಬುದನ್ನು ಅದು ಲೆಕ್ಕ ಹಾಕಿ ಕೊಡುತ್ತದೆ. 40 ಪ್ರಶ್ನೆಗಳ ಪರೀಕ್ಷೆಯ ವಿಶ್ವಸನೀಯತೆ 0.90 ಇದ್ದರೆ, ಅದೇ ಬಗೆಯ 10 ಪ್ರಶ್ನೆಗಳನ್ನಷ್ಟೇ ಉಳಿಸಿಕೊಂಡಾಗ ಅದು ಸುಮಾರು 0.69ಕ್ಕೆ ಇಳಿಯುತ್ತದೆ. ಅಕ್ಕಸಾಲಿಗನ ತಕ್ಕಡಿ ತರಕಾರಿಯ ತಕ್ಕಡಿಯಾದಂತೆ. ಬದನೆಕಾಯಿಗೆ ಸಾಕು, ಬಂಗಾರಕ್ಕೆ ಸಾಲದು.

ಆದ್ದರಿಂದ ಚಿಕ್ಕ ಪ್ರಶ್ನಾವಳಿ ಮಾಡುವವರು ಮೊದಲು ದೊಡ್ಡದನ್ನೇ ಮಾಡುತ್ತಾರೆ. ಭಾವನಾತ್ಮಕ ಬುದ್ಧಿವಂತಿಕೆಯ ಮಾಪನ ಇದಕ್ಕೆ ಒಳ್ಳೆಯ ಉದಾಹರಣೆ. ಪೀಟರ್ ಸಲೋವಿ ಮತ್ತು ಜಾನ್ ಮೇಯರ್ 1990ರಲ್ಲಿ ಈ ಪರಿಕಲ್ಪನೆಯನ್ನು ವಿವರಿಸಿದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ನರ ಪುಸ್ತಕ ಅದನ್ನು ಮನೆಮಾತಾಗಿಸಿತು. 1998ರಲ್ಲಿ ನಿಕೋಲಾ ಶುಟ್ ಮತ್ತು ಸಂಗಡಿಗರು 62 ವಾಕ್ಯಗಳನ್ನು ಬರೆದು 346 ಮಂದಿಗೆ ಕೊಟ್ಟರು. ಯಾವ ವಾಕ್ಯಗಳ ಉತ್ತರಗಳು ಒಂದರೊಡನೊಂದು ಕೂಡಿ ನಡೆಯುತ್ತವೆ ಎಂದು ಗಣಿತದಿಂದ ಸೋಸಿ 33ನ್ನು ಉಳಿಸಿಕೊಂಡರು. ಅಲ್ಲಿಗೆ ಅರ್ಧ ಕೆಲಸ. ಆಮೇಲೆ ಆ ಅಂಕಗಳಿಗೂ ಬದುಕಿಗೂ ಸಂಬಂಧವಿದೆಯೆ ಎಂದು ನೋಡಬೇಕು. ಮನೋಚಿಕಿತ್ಸಕರ ಅಂಕ ಸೆರೆಮನೆಯಲ್ಲಿದ್ದವರ ಅಂಕಕ್ಕಿಂತ ಹೆಚ್ಚಿದೆಯೆ, ಕಾಲೇಜಿಗೆ ಸೇರಿದ ಹುಡುಗರ ಅಂಕ ವರ್ಷದ ಕೊನೆಯ ಫಲಿತಾಂಶವನ್ನು ಮುಂಚೆಯೇ ಸೂಚಿಸುತ್ತದೆಯೆ ಎಂದೆಲ್ಲ ಅವರು ಪರಿಶೀಲಿಸಿದರು. 2002ರಲ್ಲಿ ಹಾಂಗ್‌ಕಾಂಗ್‌ನಲ್ಲಿ ವಾಂಗ್ ಮತ್ತು ಲಾ 16 ಪ್ರಶ್ನೆಗಳಲ್ಲೇ ಮುಗಿಸಿದರು. ಸಾಮಾಜಿಕ ಬುದ್ಧಿಗೆ ನಾರ್ವೆಯ ಟ್ರೊಮ್ಸೊದಲ್ಲಿ 2001ರಲ್ಲಿ 21 ಪ್ರಶ್ನೆಗಳ ಮಾಪನ ಬಂದಿತು. ಭಾರತದಲ್ಲಿ 1986ರಷ್ಟು ಹಿಂದೆಯೇ ಚಡ್ಡಾ ಮತ್ತು ಗಣೇಶನ್ 66 ಅಂಶಗಳ ಸಾಮಾಜಿಕ ಬುದ್ಧಿ ಮಾಪನ ಹೊರತಂದಿದ್ದರು. ತಾಳ್ಮೆ, ಸಹಕಾರ, ಜಾಣ್ಮೆ, ಹಾಸ್ಯಪ್ರಜ್ಞೆಗಳು ಅದರ ಭಾಗಗಳು.

ಹೊಸ ಪ್ರಶ್ನಾವಳಿಗಳಲ್ಲಿ ಬಹುಪಾಲಿಗೆ ಒಂದು ದೌರ್ಬಲ್ಯವಿದೆ. ಅವು ಡಾಲ್ ಅವರ ದಾರಿ ಬಿಟ್ಟು ವ್ಯಕ್ತಿಯನ್ನೇ ಕೇಳುತ್ತವೆ. 'ಇತರರ ಮನಸ್ಸು ನಿಮಗೆ ಸುಲಭವಾಗಿ ಅರ್ಥವಾಗುತ್ತದೆಯೆ?' ಎಂದರೆ, ಯಾರ ಮನಸ್ಸೂ ಅರ್ಥವಾಗದ ಮನುಷ್ಯನೇ ಎಲ್ಲರಿಗಿಂತ ಜೋರಾಗಿ ಹೌದು ಎಂದಾನು. ಅವನ ಹೆಂಡತಿಯನ್ನು ಕೇಳಿದರೆ ಬೇರೆ ಉತ್ತರ ಬಂದೀತು.

ಎರಡನೆಯ ತೊಡಕು ಭಾಷೆಯದು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪ್ರಶ್ನೆಯನ್ನು ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ಎರಡನ್ನೂ ಹೋಲಿಸುವ ಕ್ರಮವನ್ನು ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದರು. ಅದು ಬೇಕು, ಆದರೆ ಸಾಲದು. 'ನನ್ನ ಭಾವನೆಗಳ ಮೇಲೆ ನನಗೆ ಹಿಡಿತವಿದೆ' ಎಂಬ ವಾಕ್ಯ ಎರಡು ಕಡೆಯೂ ಸರಿಯಾಗಿಯೇ ತಿರುಗುತ್ತದೆ. ಕರೂರಿನ ಕಟ್ಟೆಯ ಮೇಲೆ ಮಾತ್ರ ಯಾರೂ ಹಾಗೆ ಮಾತನಾಡುವುದಿಲ್ಲ. 'ಸಿಟ್ಟು ಬಂದ್ರೆ ತಡ್ಕಂತೀರೇನು?' ಎಂದು ಕೇಳಿದರೆ ಉತ್ತರ ಸಿಗುತ್ತದೆ. 'ಬೇಜಾರು' ಎಂದರೆ ಕೆಲವರಿಗೆ ದುಃಖ, ಕೆಲವರಿಗೆ ಹೊತ್ತು ಹೋಗದಿರುವುದು. 'ಹೊಟ್ಟೆ ಉರಿಯುತ್ತದೆಯೆ?' ಎಂಬ ಪ್ರಶ್ನೆಗೆ ಹೌದು ಎಂದವರಲ್ಲಿ ಒಬ್ಬರಿಗೆ ಅಸೂಯೆ, ಇನ್ನೊಬ್ಬರಿಗೆ ಸಂಕಟ, ಮೂರನೆಯವರಿಗೆ ಖಾರ ಹೆಚ್ಚಾದದ್ದು ಇದ್ದೀತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಗಡಿಸೀಮೆಯ ಕುಟುಂಬಗಳಲ್ಲಿ ಇದು ಇನ್ನೊಂದು ಸುತ್ತು ಸುತ್ತುತ್ತದೆ.

ಒಂದು ಅಂಕದ ಬೆಲೆ

ಕಂಪನಿಯೊಂದು ನೌಕರರ ಭಾವನಾತ್ಮಕ ಬುದ್ಧಿವಂತಿಕೆಯನ್ನು ತಪ್ಪಾಗಿ ಅಳೆದರೆ ಅಂಥ ಅನಾಹುತವೇನೂ ಆಗಲಿಕ್ಕಿಲ್ಲ. ಆಸ್ಪತ್ರೆಯ ಮೇಜಿನ ಮೇಲೆ ಹಾಗಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮುಖ್ಯ ಸೌಲಭ್ಯಗಳಿಗೆ ಶೇ. 40ರಷ್ಟು ಅಂಗವೈಕಲ್ಯ ಎಂಬ ಗೆರೆಯಿದೆ. ಅದಕ್ಕಾಗಿ ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬೌದ್ಧಿಕ ಅಂಗವೈಕಲ್ಯದ ಪ್ರಮಾಣವನ್ನು ವೈನ್‌ಲ್ಯಾಂಡ್ ಸಾಮಾಜಿಕ ಅಂಕಕ್ಕೆ ಜೋಡಿಸಲಾಗಿತ್ತು. ಅಂಕ 55ರಿಂದ 69 ಇದ್ದರೆ ಅಂಗವೈಕಲ್ಯ ಶೇ. 50, 70ರಿಂದ 84 ಇದ್ದರೆ ಶೇ. 25. ಅಂದರೆ 69 ಬಂದ ಮಗು ಗೆರೆಯ ಈಚೆ, 70 ಬಂದ ಮಗು ಆಚೆ. ಈ ಮಾರ್ಗಸೂಚಿ 2024ರಲ್ಲಿ ಪರಿಷ್ಕರಣೆಗೊಂಡಿತು. ಅಷ್ಟರಲ್ಲಿ ಆರು ವರ್ಷಗಳ ಮಕ್ಕಳು ಆ ಗೆರೆ ದಾಟಿ ಹೋಗಿದ್ದರು.

ಹತ್ತು ವರ್ಷದ ಹುಡುಗನ ಲೆಕ್ಕ ಹಾಕಿ ನೋಡಬಹುದು. 70 ಅಂಕ ಬರಲು ಅವನ ಸಾಮಾಜಿಕ ವಯಸ್ಸು ಸರಿಯಾಗಿ ಏಳು ವರ್ಷ ಇರಬೇಕು. 69ಕ್ಕೂ 70ಕ್ಕೂ ನಡುವಿನ ಅಂತರ ಒಂದು ತಿಂಗಳು ಮತ್ತು ಕೆಲವು ದಿನ. ಆ ಹಂತದಲ್ಲಿ ಒಂದೊಂದು ವರ್ಷಕ್ಕೆ ಇರುವುದು ನಾಲ್ಕೈದು ಪ್ರಶ್ನೆ. ಅಂದರೆ ಒಂದು ಪ್ರಶ್ನೆಯ ತೂಕ ಎರಡು ಮೂರು ತಿಂಗಳು. ತಾಯಿಯ ಒಂದು 'ಹೌದು' ಅಥವಾ 'ಇಲ್ಲ' ಹುಡುಗನನ್ನು ಗೆರೆಯ ಈಚೆಗೋ ಆಚೆಗೋ ದಾಟಿಸಬಲ್ಲುದು. ಮಗನ ಮೇಲಿನ ಅಭಿಮಾನದಿಂದ ತಾಯಿ ಎರಡು ಹೆಚ್ಚಾಗಿ ಹೇಳಿದರೂ ನಷ್ಟ ಅವಳಿಗೇ.

ಡಾಲ್ ಇದನ್ನು ಸ್ವಲ್ಪಮಟ್ಟಿಗೆ ಊಹಿಸಿದ್ದರೆಂದು ತೋರುತ್ತದೆ. ಅವರ ಅಂಕ ಕೊಡುವ ಕ್ರಮದಲ್ಲಿ ಮಾಡುತ್ತದೆ, ಮಾಡುವುದಿಲ್ಲ ಎಂಬೆರಡರ ಜೊತೆಗೆ ಇನ್ನೊಂದು ಗುರುತೂ ಇತ್ತು: ಅವಕಾಶವಿಲ್ಲ. ಶಕ್ತಿಯಿದ್ದೂ ಮನೆಯವರ ಕಟ್ಟುಪಾಡಿನಿಂದಲೋ ಬೇರೆ ಕಾರಣದಿಂದಲೋ ಮಾಡುವ ಸಂದರ್ಭ ಬಾರದಿದ್ದರೆ ಬಳಸಬೇಕಾದ ಗುರುತು. ಹತ್ತು ವರ್ಷದ ಹೆಣ್ಣುಮಗಳನ್ನು ಒಬ್ಬಳೇ ಬಸ್ ನಿಲ್ದಾಣದವರೆಗೂ ಕಳಿಸದ ಮನೆಗಳು ಸಿರುಗುಪ್ಪ ಸೀಮೆಯಲ್ಲಿ ಕಡಿಮೆಯಿಲ್ಲ. ಊರೊಳಗೆ ತಾನೊಬ್ಬಳೇ ಓಡಾಡುತ್ತಾಳೆಯೆ ಎಂದರೆ ತಾಯಿ ಇಲ್ಲ ಎಂದೇ ಹೇಳುತ್ತಾಳೆ. ಆ 'ಇಲ್ಲ'ವನ್ನು ಹಾಗೆಯೇ ಬರೆದುಕೊಂಡರೆ ಮುಗಿಯಿತು. ಹೊರಗೆ ಸಾಲಿನಲ್ಲಿ ಇನ್ನೂ ಇಪ್ಪತ್ತು ಜನ ಕಾದಿರುವಾಗ, ಪೆನ್ನು ಕೆಳಗಿಟ್ಟು 'ಬಿಟ್ಟರೆ ಹೋಗಿಬರುತ್ತಾಳೇನಮ್ಮ?' ಎಂದು ಇನ್ನೊಂದು ಮಾತು ಕೇಳಲು ಅರ್ಧ ನಿಮಿಷ ಹೆಚ್ಚು ಬೇಕಾಗುತ್ತದೆ.